ಹಾಡು ಶುರುವಾಯ್ತು, ಈಗ ಕಾಲು ಎಲ್ಲಿಡೋದು?

ಸಂಗೀತ ನಾಟಕ ಮಾಡಿಸುವವರು, ಅದರಲ್ಲೂ ಹಾಡಿಗೆ ಡಾನ್ಸ್ ಹೇಳಿಕೊಡುವವರು, ನಿಮ್ಮ ತಲೆನೋವುಗಳನ್ನು ಬರೆದು ಕಳಿಸಿ ಅಂತ ಕೇಳಿದ್ದೆ. ಇಷ್ಟೊಂದು ತಲೆನೋವು ಇದೆ ಅಂತ ಗೊತ್ತಿರಲಿಲ್ಲ! ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವಕ್ಕೆ ನಾಲ್ಕೇ ಸಾಲು. ಚಿಕ್ಕ ಉತ್ತರ ಸಿಕ್ಕವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಾತಿನ ನಾಟಕ ನಾಲ್ಕೈದು ಮಾಡಿಸಿದ್ದೇನೆ. ಮೊದಲ ಸಲ ಹಾಡು, ಕುಣಿತ ತುಂಬಿರುವ ನಾಟಕ ಕೈಗೆ ಬಂದಿದೆ. ನನಗೆ ಕುಣಿಯೋಕೆ ಬರಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕುಣಿಯೋಕೆ ಬರದಿದ್ದರೆ ಪರವಾಗಿಲ್ಲ. ಎಣಿಸೋಕೆ ಬರುತ್ತೆ ಅಲ್ವಾ? ಅಲ್ಲಿಂದಲೇ ಶುರು ಮಾಡಿ.

ಮೂರು ನಿಮಿಷದ ಒಂದು ಹಾಡು, ನಿಮಿಷಕ್ಕೆ 120 ಬೀಟ್ ವೇಗ ಅಂತ ಇಟ್ಟುಕೊಳ್ಳಿ. ಎಂಟು ಬೀಟಿಗೆ ನಾಲ್ಕು ಸೆಕೆಂಡು ಬೇಕು. ಅಂದರೆ ಇಡೀ ಹಾಡಿಗೆ 45 ಎಂಟುಗಳು. ಒಂದು ದೊಡ್ಡ ಹಾಳೆಯಲ್ಲಿ 45 ಸಾಲು ಎಳೆಯಿರಿ. ಒಂದೊಂದು ಸಾಲಿನ ಪಕ್ಕದಲ್ಲೂ ಆ ಹೊತ್ತಿಗೆ ಹಾಡಿನ ಯಾವ ಮಾತು ಬರುತ್ತೆ, ಯಾರು ಹಾಡುತ್ತಾರೆ, ಬರೀ ವಾದ್ಯ ಎಲ್ಲಿದೆ ಅಂತ ಬರೆದುಕೊಳ್ಳಿ. ಒಂದೂ ಹೆಜ್ಜೆ ಯೋಚಿಸಬೇಡಿ ಇನ್ನೂ.

ಈಗ ಹಾಳೆಯ ಮೇಲ್ತುದಿಯಲ್ಲಿ ಹಾಡಿಗೆ ಮುಂಚೆ ಪಾತ್ರದ ಪರಿಸ್ಥಿತಿ ಏನು ಅಂತ ಒಂದು ವಾಕ್ಯ ಬರೆಯಿರಿ. ಕೆಳತುದಿಯಲ್ಲಿ ಹಾಡು ಮುಗಿದಾಗ ಏನಾಗಿದೆ ಅಂತ ಇನ್ನೊಂದು. ಮೇಲೆ 'ಮನೆ ಬಿಟ್ಟು ಹೋಗಲಾ ಬೇಡವಾ ಅಂತ ಗೊತ್ತಿಲ್ಲ', ಕೆಳಗೆ 'ಹೊರಟೇ ಬಿಟ್ಟಳು' ಅಂತ ಇದ್ದರೆ, ನಡುವಿನ 45 ಸಾಲಿನಲ್ಲಿ ಯಾವುದೋ ಒಂದು ಕಡೆ ಅವಳು ತೀರ್ಮಾನ ಮಾಡಿದ್ದಾಳೆ. ಎಲ್ಲಿ? 31ನೇ ಸಾಲಾ? ಅಲ್ಲಿ ಕೆಂಪು ಗೆರೆ ಹಾಕಿ. ಅಲ್ಲಿಯವರೆಗೂ ಮೈ ಹಿಡಿದಿಟ್ಟುಕೊಂಡೇ ಇರಲಿ, ಎರಡು ಹೆಜ್ಜೆ ಹೋಗಲಿ, ವಾಪಸ್ ಬರಲಿ, ಕುರ್ಚಿ ಹಿಡಿದು ನಿಲ್ಲಲಿ. ದೊಡ್ಡ ಚಲನೆ ಏನಿದ್ದರೂ ಆ ಕೆಂಪು ಗೆರೆ ಆದಮೇಲೆ. ಎರಡೂ ತುದಿಯಲ್ಲಿ ಒಂದೇ ವಾಕ್ಯ ಬಂತು ಅಂದರೆ ಆ ಹಾಡಿಗೆ ಎಂಥ ಹೆಜ್ಜೆ ಹಾಕಿಸಿದರೂ ಜನ ಗಡಿಯಾರ ನೋಡುತ್ತಾರೆ. ಆಗ ಡಾನ್ಸ್ ಹೇಳಿಕೊಡುವವರನ್ನು ಬೈಯಬೇಡಿ, ಹಾಡನ್ನು ಕತ್ತರಿಸಿ.

ಇದೇನು ನನ್ನ ಸ್ವಂತ ಕಂಡುಹಿಡಿತ ಅಲ್ಲ. 1943ರಲ್ಲಿ ನ್ಯೂಯಾರ್ಕಿನ ರಂಗಭೂಮಿ ಬ್ರಾಡ್‌ವೇಯಲ್ಲಿ 'ಒಕ್ಲಹೋಮಾ!' ಅನ್ನುವ ಸಂಗೀತ ನಾಟಕ ಬಂದಾಗ ಅದರ ನೃತ್ಯ ಸಂಯೋಜಕಿ ಆಗ್ನೆಸ್ ಡಿ ಮಿಲ್ ಮೊದಲ ಅಂಕದ ಕೊನೆಗೆ ಒಂದು ಕನಸಿನ ಬ್ಯಾಲೆ ಇಟ್ಟರು. ಇಬ್ಬರು ಗಂಡಸರ ನಡುವೆ ಯಾರ ಜೊತೆ ಹೋಗಬೇಕು ಅಂತ ಗೊತ್ತಾಗದ ಹುಡುಗಿ. ಅವಳ ಭಯ, ಆಸೆ ಎರಡೂ ಅಲ್ಲಿ ಮಾತಿಲ್ಲದೆ ಹೊರಗೆ ಬರುತ್ತವೆ. ಎಚ್ಚರಾದಾಗ ಕಥೆ ಮುಂದಕ್ಕೆ ಹೋಗಿದೆ. ಆ ಬ್ಯಾಲೆ ತೆಗೆದುಬಿಟ್ಟರೆ ನಾಟಕದಲ್ಲಿ ತೂತು ಬೀಳುತ್ತೆ. ನಿಮ್ಮ ನಾಟಕದ ಯಾವ ಡಾನ್ಸ್ ತೆಗೆದರೆ ತೂತು ಬೀಳುತ್ತೆ, ಯಾವುದು ತೆಗೆದರೆ ಯಾರಿಗೂ ಗೊತ್ತಾಗಲ್ಲ? ತಾಲೀಮು ಶುರುವಾಗುವ ಮೊದಲೇ ಇದನ್ನು ಕೇಳಿಕೊಂಡರೆ ನಿಮ್ಮ ಎರಡು ವಾರ ಉಳಿಯುತ್ತೆ.

ಪ್ರಶ್ನೆ: ನಮ್ಮ ನಾಟಕ ತಮಾಷೆಯದ್ದು. ಆದರೆ ಮೊದಲ ಇಪ್ಪತ್ತು ನಿಮಿಷ ಯಾರೂ ನಗಲ್ಲ. ಆಮೇಲೆ ನಗುತ್ತಾರೆ. ನಟರು ಸರಿಯಾಗೇ ಮಾಡುತ್ತಿದ್ದಾರೆ.

ಉತ್ತರ: ಪರದೆ ಏಳುವಾಗ ಬರುವ ಹಾಡು ಯಾವುದು? ಅದನ್ನು ನೋಡಿ ಮೊದಲು. ಅದು ನಯವಾದ, ಮೆಲ್ಲಗಿನ ಹಾಡಾಗಿದ್ದರೆ ಜನ ಪಾಪ ನಯವಾದ ನಾಟಕ ನೋಡೋಕೆ ಸಿದ್ಧರಾಗಿ ಕೂತಿರುತ್ತಾರೆ. ನಗಬಹುದು ಅಂತ ಅವರಿಗೆ ಯಾರೂ ಹೇಳಿಲ್ಲ.

1962ರಲ್ಲಿ 'ಎ ಫನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಮ್' ಅನ್ನುವ ಹಾಸ್ಯ ನಾಟಕಕ್ಕೆ ಹೀಗೇ ಆಗಿತ್ತು. ನ್ಯೂಯಾರ್ಕಿಗೆ ಬರುವ ಮೊದಲಿನ ಪ್ರದರ್ಶನಗಳು ಸಪ್ಪೆ. ನಿರ್ದೇಶಕ, ನೃತ್ಯ ಸಂಯೋಜಕ ಜೆರೋಮ್ ರಾಬಿನ್ಸ್ ಅವರನ್ನು ಕರೆಸಿದರು. ಅವರು ಬಂದು ನಟರನ್ನು ತಿದ್ದುತ್ತಾ ಕೂರಲಿಲ್ಲ, ಮೊದಲ ಹಾಡು ಬದಲಾಯಿಸಿ ಅಂದರು. ಇವತ್ತು ರಾತ್ರಿ ಹಾಸ್ಯ ಅಂತ ನೇರವಾಗಿ ಹೇಳುವ ಹೊಸ ಹಾಡನ್ನು ನಾಟಕದ ಸಂಗೀತ ಸಂಯೋಜಕ ಸೊಂಡ್‌ಹೈಮ್ ಬರೆದುಕೊಟ್ಟರು, ರಾಬಿನ್ಸ್ ಅದನ್ನು ರಂಗದ ಮೇಲೆ ಕೂರಿಸಿದರು. ನಾಟಕ ಗೆದ್ದಿತು. ನಿಮ್ಮದಕ್ಕೂ ಅದೇ ಔಷಧ ಇರಬಹುದು. ಹೊಸ ಹಾಡು ಬರೆಸೋಕೆ ಆಗದಿದ್ದರೆ ಇರುವ ಹಾಡಿನ ಮೊದಲ ಎಂಟರಲ್ಲೇ ಯಾರಾದರೂ ತಪ್ಪು ಕಡೆಯಿಂದ ಒಳಗೆ ಬರಲಿ, ಎಲ್ಲರೂ ಅವನನ್ನೇ ನೋಡಲಿ, ಅವನು ಸದ್ದಿಲ್ಲದೆ ಸಾಲಿಗೆ ಸೇರಿಕೊಳ್ಳಲಿ. ಅಷ್ಟು ಸಾಕು.

ಪ್ರಶ್ನೆ: ತಂಡದಲ್ಲಿ 22 ಜನ. ಡಾನ್ಸ್ ಕಲಿತವರು ಐದೇ ಜನ. ಉಳಿದವರು ಚೆನ್ನಾಗಿ ಹಾಡುತ್ತಾರೆ, ಆದರೆ ಎಡಗಾಲು ಅಂದರೆ ಬಲಗಾಲು ಎತ್ತುತ್ತಾರೆ. ಐದು ಜನರನ್ನು ಮುಂದೆ ನಿಲ್ಲಿಸಿ ಉಳಿದವರನ್ನು ಹಿಂದೆ ಹಾಕಲಾ?

ಉತ್ತರ: ದಯವಿಟ್ಟು ಬೇಡ. ಅದು ಎಲ್ಲರೂ ಮೊದಲು ಮಾಡುವ ತಪ್ಪು. ನಾನೂ ಮಾಡಿದ್ದೇನೆ, ಒಂದಲ್ಲ ಮೂರು ನಾಟಕದಲ್ಲಿ.

ಏನಾಗುತ್ತೆ ನೋಡಿ. ಐದು ಜನ ಮುಂದೆ, ಹದಿನೇಳು ಜನ ಹಿಂದೆ. ಎಲ್ಲರೂ ಮುಂದೆ ನೋಡುತ್ತಿರುವ ತನಕ ಹಿಂದಿನವರು ಮುಂದಿನವರನ್ನು ನೋಡಿಕೊಂಡು ಹೇಗೋ ಸಾಗಿಸುತ್ತಾರೆ. ಯಾವಾಗ ಇಡೀ ಗುಂಪು ಬಲಕ್ಕೆ ತಿರುಗುತ್ತೋ, ಆಗ ಬಲತುದಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತ ಸಾಲೇ 'ಮುಂದೆ' ಆಗಿಬಿಡುತ್ತೆ. ಅಲ್ಲಿ ನಿಂತವನಿಗೆ ಏನೂ ಗೊತ್ತಿಲ್ಲ, ಅವನ ಎದುರು ಬರೀ ಗೋಡೆ. ಅವನು ತಪ್ಪಿದ, ಅವನ ಹಿಂದಿನವರೂ ತಪ್ಪಿದರು. ನಿಮಗೆ ಐದು ಜನ ಇದ್ದಾರಲ್ಲ, ಅದು ಲಕ್ಕಿ ನಂಬರ್. ನಾಲ್ಕು ಮೂಲೆಗೆ ನಾಲ್ಕು ಜನ, ಮಧ್ಯಕ್ಕೆ ಒಬ್ಬರು. ಈಗ ಗುಂಪು ಯಾವ ಕಡೆ ತಿರುಗಿದರೂ ನೋಡಿಕೊಳ್ಳೋಕೆ ಒಬ್ಬರು ಕಣ್ಣೆದುರು ಇರುತ್ತಾರೆ. ಈ ಗುಟ್ಟನ್ನು ನೋಡುಗರು ಯಾವತ್ತೂ ಕಂಡುಹಿಡಿಯಲ್ಲ.

ಎರಡನೆಯದು, ಹೆಜ್ಜೆ ಕಡಿಮೆ ಮಾಡಿ. ಹದಿನೇಳು ಜನಕ್ಕೆ ನಡೆಯೋಕೆ ಬರುತ್ತೆ. ಲಯಕ್ಕೆ ಸರಿಯಾಗಿ ನಡೆದು, ಒಂದೇ ಬೀಟಿಗೆ ಗಕ್ಕನೆ ನಿಂತು, ಒಂದೇ ಬೀಟಿಗೆ ತಲೆ ತಿರುಗಿಸಿದರೆ ಇಪ್ಪತ್ತೆರಡು ಜನ ಒಂದೇ ಪ್ರಾಣಿ ಥರ ಕಾಣುತ್ತಾರೆ. ಅದರ ಮೇಲೆ ಒಂದೇ ಒಂದು ಆಟ ಹಾಕಿ: ಅದೇ ಚಲನೆಯನ್ನು ಎಡತುದಿಯಿಂದ ಬಲತುದಿಗೆ ಎರಡೆರಡು ಬೀಟ್ ತಡವಾಗಿ ಒಬ್ಬರಾದ ಮೇಲೆ ಒಬ್ಬರು ಮಾಡಲಿ. ಅಲೆ ಎದ್ದ ಹಾಗೆ ಕಾಣುತ್ತೆ. ಅವರಿಗೆ ಕಷ್ಟ ಇಲ್ಲ, ನೋಡುವವರಿಗೆ ಭಾರಿ ಕಷ್ಟದ ಕೆಲಸದ ಹಾಗೆ ಕಾಣುತ್ತೆ. ಕೆಲವರು ಕೂತಿರಲಿ, ಕೆಲವರು ಮಂಡಿಯೂರಲಿ, ಕೆಲವರು ಪೆಟ್ಟಿಗೆ ಮೇಲೆ ನಿಲ್ಲಲಿ. ಎತ್ತರ ಬೇರೆ ಬೇರೆ ಆದರೆ ಅರ್ಧ ಚಿತ್ರ ತಾನಾಗೇ ಬರುತ್ತೆ.

ಹೇಳಿಕೊಡುವಾಗ ಮೊದಲು ಕಾಲು, ಕಾಲು ಕೂತ ಮೇಲೆ ಕೈ, ಕೊನೆಗೆ ತಲೆ. ಮೂರನ್ನೂ ಒಟ್ಟಿಗೆ ಹೇಳಿದಿರೋ, ಸತ್ತಿರಿ. ಮತ್ತೆ ಬೆನ್ನು ತೋರಿಸಿ ನಿಂತು ಹೇಳಿಕೊಡಿ. ಎದುರು ನಿಂತು ಕೊಟ್ಟರೆ ನಿಮ್ಮ ಎಡ ಅವರ ಬಲ ಆಗಿ, ಆ ಎಡಗಾಲು-ಬಲಗಾಲಿನ ಗಲಾಟೆಯಲ್ಲಿ ಅರ್ಧ ಅಪರಾಧ ನಿಮ್ಮದೇ ಆಗಿರುತ್ತೆ.

ನಮ್ಮ ಒಂದು ನಾಟಕದಲ್ಲಿ ಒಬ್ಬರಿದ್ದರು. ಒಳ್ಳೇ ಕಂಠ. ಆದರೆ ಚಪ್ಪಾಳೆಯನ್ನೂ ಲಯಕ್ಕೆ ಹೊಡೆಯೋಕೆ ಆಗುತ್ತಿರಲಿಲ್ಲ. ಎರಡು ವಾರ ನೋಡಿದೆ. ಕೊನೆಗೆ ಅವರ ಕೈಗೆ ಒಂದು ಖಾಲಿ ಬಕೆಟ್ ಕೊಟ್ಟೆ. ನೀವು ಈ ಹಾಡಿನುದ್ದಕ್ಕೂ ನೀರು ಹೊರುವವರು, ಇಲ್ಲಿಂದ ಅಲ್ಲಿಗೆ ಹೋಗಿ, ಸುರಿದು, ವಾಪಸ್ ಬನ್ನಿ, ಬೇರೆಯವರನ್ನು ನೋಡಲೇಬೇಡಿ ಅಂದೆ. ಆಶ್ಚರ್ಯ ಅಂದರೆ, ಬಕೆಟ್ ಬಂದ ಮೇಲೆ ಅವರ ನಡಿಗೆ ತಾನಾಗೇ ಹಾಡಿನ ಲಯಕ್ಕೆ ಬಂತು. ಕುಣಿಯುತ್ತಿದ್ದೇನೆ ಅನ್ನುವ ಭಯ ಹೋಯಿತಲ್ಲ, ಅದಕ್ಕೆ. ಪ್ರದರ್ಶನ ನೋಡಿದವರು ಆಮೇಲೆ ಬಂದು ಆ ನೀರು ಹೊರುವವರ ಡಾನ್ಸ್ ಚೆನ್ನಾಗಿತ್ತು ಅಂದರು!

ಅಮೆರಿಕದ ನೃತ್ಯ ಸಂಯೋಜಕ ಬಾಬ್ ಫಾಸಿ ಅವರ ಶೈಲಿ ನೋಡಿ. ಒಳಕ್ಕೆ ತಿರುಗಿದ ಮಂಡಿ, ಬಾಗಿದ ಭುಜ, ಟೋಪಿ, ಕೈಗವಸು. ಅವರ ಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗುತ್ತಿದ್ದವು, ಬೆನ್ನು ಬಾಗುತ್ತಿತ್ತು, ಕೂದಲು ಬೇಗ ಉದುರಿತ್ತು, ಅದಕ್ಕೆ ಟೋಪಿ. ತಮ್ಮ ಮೈಯ ಕೊರತೆಯನ್ನೇ ಎಲ್ಲರಿಗೂ ಹೇಳಿಕೊಟ್ಟರು, ಜಗತ್ತು ಅದನ್ನು ಕಾಪಿ ಹೊಡೆಯಿತು. ನಿಮ್ಮ ಹದಿನೇಳು ಜನರಿಗೆ ಏನು ಬರಲ್ಲ ಅನ್ನುವ ಪಟ್ಟಿ ಬಿಡಿ, ಅವರ ಮೈ ತಾನಾಗೇ ಏನು ಮಾಡುತ್ತೆ ಅಂತ ಒಂದು ಸಂಜೆ ಸುಮ್ನೆ ಕೂತು ನೋಡಿ.

ಪ್ರಶ್ನೆ: ಎಣಿಸಿ ಕಲಿಸಬೇಕಾ, ಹಾಡಿನ ಮಾತು ಹಿಡಿದು ಕಲಿಸಬೇಕಾ?

ಉತ್ತರ: ಮೊದಲ ದಿನ ಎಣಿಸಿ. ಮೂರನೇ ದಿನದಿಂದ ಮಾತು ಹಿಡಿದು. ಬರೀ ವಾದ್ಯ ಇರುವ ಕಡೆ ಕೊನೆಯವರೆಗೂ ಎಣಿಸಿ, ಅಲ್ಲಿ ಬೇರೆ ಗತಿ ಇಲ್ಲ. ಪ್ರದರ್ಶನದ ದಿನ ತುಟಿ ಅಲ್ಲಾಡಿಸಿಕೊಂಡು 'ಐದು ಆರು ಏಳು ಎಂಟು' ಅನ್ನುವವರನ್ನು ಮಾತ್ರ ಹುಡುಕಿ ಹಿಡಿಯಿರಿ.

ಪ್ರಶ್ನೆ: ನಾಯಕಿ ಪಾತ್ರದ ಹುಡುಗಿ ನಿಂತು ಹಾಡಿದರೆ ಕಣ್ಣಲ್ಲಿ ನೀರು ಬರುತ್ತೆ. ಅದೇ ಹಾಡನ್ನು ಕುಣಿಯುತ್ತಾ ಹಾಡಿದರೆ ಏದುಸಿರು, ಅಪಶ್ರುತಿ. ಧ್ವನಿಮುದ್ರಣ ಹಾಕಿ ತುಟಿ ಆಡಿಸಿಬಿಡಲಾ?

ಉತ್ತರ: ನನ್ನ ಮನಸ್ಸು ಒಪ್ಪಲ್ಲ. ನಿಜವಾದ ಮನುಷ್ಯ ಎದುರಿಗೇ ಹಾಡುತ್ತಿದ್ದಾನೆ ಅಂತಲೇ ಜನ ಬರೋದು.

ತಪ್ಪು ಹುಡುಗಿಯದ್ದಲ್ಲ, ಹೆಜ್ಜೆ ಹಾಕಿದವರದ್ದು. ಹಾಡಿನ ಪ್ರತಿಯಲ್ಲಿ ಅವಳು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಅಂತ ಅವಳ ಕೈಲೇ ಗುರುತು ಹಾಕಿಸಿ. ಆ ಗುರುತು ಇರುವ ಬೀಟಿನಲ್ಲಿ ಜಿಗಿತ, ಬಗ್ಗುವುದು, ಗಿರಗಿರ ತಿರುಗುವುದು ಯಾವುದೂ ಇರಬಾರದು. ಉದ್ದ ಸ್ವರ ಇರುವ ಕಡೆ ಎರಡೂ ಕಾಲು ನೆಲದಲ್ಲಿ ಗಟ್ಟಿಯಾಗಿ ಊರಿರಲಿ, ಬೇಕಾದರೆ ಕೈ ಆಡಲಿ, ಅಥವಾ ಅವಳು ಸುಮ್ನೆ ನಿಂತು ಸುತ್ತಲಿನವರು ಕುಣಿಯಲಿ. ಅವಳೇ ಕುಣಿಯುತ್ತಿದ್ದಾಳೆ ಅಂತ ಕಣ್ಣು ನಂಬಿಬಿಡುತ್ತೆ. ದೊಡ್ಡ ಹಾರಾಟ ಎಲ್ಲಾ ವಾದ್ಯದ ಭಾಗಕ್ಕೆ ತಳ್ಳಿ. ವಾದ್ಯ ಮುಗಿದು ಮತ್ತೆ ಹಾಡು ಶುರುವಾಗುವ ಮೊದಲು ಕೊನೇಪಕ್ಷ ಎರಡು ಎಂಟು ಬಿಡುವು ಕೊಡಿ. ಎರಡು ಎಂಟು ಅಂದರೆ ಬರೀ ಎಂಟು ಸೆಕೆಂಡು, ಆದರೂ ಅವಳಿಗೆ ಅದು ಜೀವ.

ಇನ್ನೊಂದು. ಮೊದಲ ದಿನದ ಡಾನ್ಸ್ ತಾಲೀಮಿನಿಂದಲೇ ಬಾಯಿಬಿಟ್ಟು ಹಾಡಿಸಿ. ಕುಣಿತ ಬೇರೆ ಕಲಿತು, ಹಾಡು ಬೇರೆ ಕಲಿತು, ಕೊನೆಯ ವಾರ ಸೇರಿಸೋಣ ಅಂದುಕೊಂಡರೆ ಇದೇ ಗತಿ. ಮನೆಯಲ್ಲಿ ಜೋರಾಗಿ ನಡೆಯುತ್ತಾ ಪೂರ್ತಿ ಹಾಡು ಹಾಡುವ ಅಭ್ಯಾಸ ಮಾಡಲಿ. ಮೇಳದವರಿಗೂ ಹೇಳಿ, ಎಲ್ಲರೂ ಒಂದೇ ಜಾಗದಲ್ಲಿ ಉಸಿರು ತೆಗೆದುಕೊಳ್ಳಬೇಡಿ, ಪಕ್ಕದವನು ಹಾಡುವಾಗ ನೀವು ತೆಗೆದುಕೊಳ್ಳಿ ಅಂತ. ಆ ದೃಶ್ಯದಲ್ಲಿ ಕೆಲಸ ಇಲ್ಲದವರು ಸೈಡ್ ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ನಿಂತು ದನಿಗೂಡಿಸಲಿ. ಇದು ಮೋಸ ಅಲ್ಲ, ದೊಡ್ಡ ದೊಡ್ಡ ತಂಡಗಳೂ ಮಾಡುತ್ತವೆ.

ಪ್ರಶ್ನೆ: ನಾನು ನಿರ್ದೇಶಕ. ನೃತ್ಯ ಸಂಯೋಜಕಿಗೂ ನನಗೂ ದಿನಾ ಜಟಾಪಟಿ. ಅವರು ನನ್ನ ದೃಶ್ಯ ಹಾಳು ಮಾಡಿದರು ಅಂತ ನಾನು, ನಾನು ಅವರ ಹಾಡು ಹಾಳು ಮಾಡಿದೆ ಅಂತ ಅವರು.

ಉತ್ತರ: ಜಗಳ ಶುರುವಾಗೋದು ಯಾವಾಗಲೂ ಒಂದೇ ಜಾಗದಲ್ಲಿ. ಹಾಡಿಗೆ ಮೊದಲಿನ ನಾಲ್ಕು ಮಾತು, ಹಾಡಾದ ಮೇಲಿನ ನಾಲ್ಕು ಮಾತು. ಅದು ಯಾರ ಆಸ್ತಿ? ಯಾರದ್ದೂ ಅಲ್ಲ, ಅದಕ್ಕೇ ಇಬ್ಬರೂ ಜಗ್ಗಾಡುತ್ತೀರಿ. ನೀವು ನಾಯಕನನ್ನು ಎಡಗಡೆ ಕುರ್ಚಿಯಲ್ಲಿ ಕೂರಿಸಿ ದೃಶ್ಯ ಮುಗಿಸಿದಿರಿ, ಅವರ ಹಾಡು ಅವನು ಬಲಗಡೆ ನಿಂತಿದ್ದಾನೆ ಅಂತ ಶುರುವಾಗುತ್ತೆ. ಪಾಪ, ಆ ನಟ ನಾಲ್ಕು ಬೀಟಿನಲ್ಲಿ ರಂಗ ದಾಟಿ ಓಡುತ್ತಾನೆ.

ತಾಲೀಮಿಗೆ ಮೊದಲು ಇಬ್ಬರೇ ಕೂತು ಒಂದೊಂದು ಹಾಡಿನ ಬಾಗಿಲು ಗಟ್ಟಿ ಮಾಡಿಕೊಳ್ಳಿ. ಯಾರು ಎಲ್ಲಿ ನಿಂತು ಒಳಗೆ ಹೋಗುತ್ತಾರೆ, ಎಲ್ಲಿ ನಿಂತು ಹೊರಗೆ ಬರುತ್ತಾರೆ. ಒಳಗೆ ಏನು ನಡೆಯುತ್ತೋ ಅದು ಅವರದ್ದು, ಕೈ ಹಾಕಬೇಡಿ. ಆದರೆ ಹಾಡಿನಿಂದ ಕಥೆಗೆ ಏನಾಗಬೇಕು ಅನ್ನುವುದು ನಿಮ್ಮ ಮಾತು, ಅದನ್ನು ಅವರು ಕೇಳಬೇಕು. ನಟರ ಎದುರು ಒಬ್ಬರನ್ನೊಬ್ಬರು ತಿದ್ದಬೇಡಿ. ಅಪ್ಪ ಅಮ್ಮ ಜಗಳ ಆಡಿದರೆ ಮಕ್ಕಳು ಏನು ಮಾಡುತ್ತಾರೆ, ಯಾರು ಸುಲಭವಾಗಿ ಹೂಂ ಅಂತಾರೋ ಅವರ ಹತ್ತಿರ ಹೋಗುತ್ತಾರೆ. ನಟರೂ ಅಷ್ಟೇ.

ರಾಬಿನ್ಸ್, ಫಾಸಿ, 'ಎ ಕೋರಸ್ ಲೈನ್' ಮಾಡಿಸಿದ ಮೈಕೆಲ್ ಬೆನೆಟ್ ಎಲ್ಲ ನಿರ್ದೇಶನ, ನೃತ್ಯ ಎರಡೂ ಕೆಲಸ ಒಬ್ಬರೇ ಮಾಡಿದರಲ್ಲ ಅಂತ ಒಬ್ಬ ಓದುಗರು ಕೇಳಿದ್ದಾರೆ. ಹೌದು. ಆಗ ಜಗಳ ಒಂದೇ ತಲೆಯೊಳಗೆ ನಡೆಯುತ್ತೆ, ಅಷ್ಟೇ ಲಾಭ. 1957ರ 'ವೆಸ್ಟ್ ಸೈಡ್ ಸ್ಟೋರಿ'ಗೆ ರಾಬಿನ್ಸ್ ಎಂಟು ವಾರ ತಾಲೀಮು ಬೇಕು ಅಂತ ಪಟ್ಟು ಹಿಡಿದು ಪಡೆದರು, ಆಗ ವಾಡಿಕೆ ನಾಲ್ಕೇ ವಾರ. ಕಥೆಯಲ್ಲಿ ಹೊಡೆದಾಡುವ ಎರಡು ಗ್ಯಾಂಗಿನ ನಟರು ತಾಲೀಮಿನಲ್ಲೂ ಬೆರೆಯದ ಹಾಗೆ ಬೇರೆ ಬೇರೆ ಇಟ್ಟರು. ರಂಗದ ಮೇಲಿನ ದ್ವೇಷಕ್ಕೆ ಅದು ಚೆನ್ನಾಗಿ ಕೆಲಸ ಮಾಡಿತು ಅನ್ನೋದರಲ್ಲಿ ಅನುಮಾನ ಇಲ್ಲ. ನಾನಂತೂ ಮಾಡಲ್ಲ. ಸಂಜೆ ಕೆಲಸ ಮುಗಿಸಿ ತಾಲೀಮಿಗೆ ಬರುವ ಹವ್ಯಾಸಿಗಳಿಗೆ ದ್ವೇಷ ಕಲಿಸಿ ಕಳಿಸೋದು ನನಗೆ ಸರಿ ಕಾಣಲ್ಲ. ಎಂಟು ವಾರ ಮಾತ್ರ ಕೇಳಿ ಪಡೆಯಿರಿ.

ಪ್ರಶ್ನೆ: ಡಾನ್ಸ್ ಆಡಿಷನ್‌ನಲ್ಲಿ ಏನು ನೋಡಬೇಕು?

ಉತ್ತರ: 32 ಬೀಟಿನ ಒಂದು ತುಣುಕು, ಹದಿನೈದು ನಿಮಿಷದಲ್ಲಿ ಕಲಿಸಿ. ನಾಲ್ಕು ನಾಲ್ಕು ಜನರಾಗಿ ಮಾಡಲಿ, ಆಮೇಲೆ ಹಿಂದಿನವರನ್ನು ಮುಂದೆ ಕರೆದು ಮತ್ತೆ ಮಾಡಿಸಿ. ಯಾರು ತಪ್ಪಿದರು ಅಂತ ನೋಡಬೇಡಿ, ಎಲ್ಲರೂ ತಪ್ಪುತ್ತಾರೆ. ತಪ್ಪಿದ ಮೇಲೆ ಮುಖ ಕಿವುಚಿದವರು ಯಾರು, ಏನೂ ಆಗಿಲ್ಲ ಅನ್ನುವ ಹಾಗೆ ಮುಂದಿನ ಬೀಟಿಗೆ ಹಾರಿ ಸೇರಿಕೊಂಡವರು ಯಾರು ಅಂತ ಬರೆದುಕೊಳ್ಳಿ. ಎರಡನೇ ಸುತ್ತಿಗೆ ಅವೇ ಹೆಜ್ಜೆ, ಆದರೆ ನಿಮಗೆ ಬಸ್ಸು ತಪ್ಪಿಹೋಗುತ್ತಿದೆ ಅಂತ ಹೇಳಿ ಮಾಡಿಸಿ. ಹೆಜ್ಜೆ ಮರೆತು ಬಸ್ಸು ಹಿಡಿದವರನ್ನೂ ಒಳಗೆ ತೆಗೆದುಕೊಳ್ಳಿ. ಹೆಜ್ಜೆ ಆಮೇಲೆ ಕಲಿಸಬಹುದು.

ಆಯ್ಕೆ ಆಗದವರಿಗೆ ಅದೇ ದಿನ ಹೇಳಿ, ಕಾಯಿಸಬೇಡಿ. 1975ರಲ್ಲಿ ಬಂದ 'ಎ ಕೋರಸ್ ಲೈನ್' ಇಡೀ ನಾಟಕವೇ ಒಂದು ಆಡಿಷನ್. ಬೆನೆಟ್ ಅದಕ್ಕೂ ಮುಂಚೆ, 1974ರಲ್ಲಿ, ಮೇಳದ ನರ್ತಕರನ್ನು ಕೂರಿಸಿ ಅವರ ಬದುಕಿನ ಮಾತುಗಳನ್ನು ಟೇಪಿನಲ್ಲಿ ಹಿಡಿದಿದ್ದರು, ಅದರಿಂದಲೇ ನಾಟಕ ಹುಟ್ಟಿತು. ಹದಿನೈದು ವರ್ಷ ನಡೆಯಿತು. ಅದರಲ್ಲಿ ರಂಗದ ಮೇಲೆ ಎಳೆದ ಬಿಳಿ ಗೆರೆ ಮೇಲೆ ಸಾಲಾಗಿ ನಿಂತು ಕಾಯುವವರ ಹೊಟ್ಟೆಯೊಳಗೆ ಏನಾಗುತ್ತೆ ಅಂತ ಅದನ್ನು ನೋಡಿದವರಿಗೆ ಗೊತ್ತು.

ಪ್ರಶ್ನೆ: ಪ್ರಸಿದ್ಧ ನಾಟಕದ ಡಾನ್ಸ್ ವಿಡಿಯೋದಲ್ಲಿ ಸಿಗುತ್ತಲ್ಲ, ಅದನ್ನೇ ಕಲಿಸಿದರೆ ಏನು ತಪ್ಪು?

ಉತ್ತರ: ಕಾನೂನಿನ ತಪ್ಪು ಮೊದಲು. ನಾಟಕ ಆಡಲು ಪರವಾನಗಿ ಪಡೆದರೆ ಕಥೆ, ಹಾಡು, ಸಂಗೀತ ಬರುತ್ತವೆ. ಮೂಲ ಪ್ರದರ್ಶನದ ಡಾನ್ಸ್ ಸಾಮಾನ್ಯವಾಗಿ ಅದರಲ್ಲಿ ಬರಲ್ಲ, ಅದಕ್ಕೆ ಬೇರೆ ಅನುಮತಿ ಬೇಕು. ಡಾನ್ಸಿಗೂ ಹಕ್ಕು ಇದೆ ಅನ್ನೋದು ಹಳೇ ಮಾತು. 'ಕಿಸ್ ಮಿ, ಕೇಟ್' ನಾಟಕದ ತಮ್ಮ ಡಾನ್ಸನ್ನು ಹಾನ್ಯಾ ಹೋಮ್ ಸಂಕೇತಲಿಪಿಯಲ್ಲಿ ಬರೆಸಿ 1952ರಲ್ಲೇ ಅಮೆರಿಕದಲ್ಲಿ ಕಾಪಿರೈಟ್ ನೋಂದಣಿ ಮಾಡಿಸಿದ್ದರು.

ಇನ್ನೊಂದು ತಪ್ಪು ಬುದ್ಧಿಯದ್ದು. ಆ ಡಾನ್ಸ್ ಆ ಮೈಗಳಿಗೆ, ಆ ರಂಗದ ಅಗಲಕ್ಕೆ, ಆ ಬಟ್ಟೆಗೆ ಮಾಡಿದ್ದು. ಬೇರೆಯವರ ಚಪ್ಪಲಿ ಹಾಕಿಕೊಂಡು ಓಡಿದ ಹಾಗಾಗುತ್ತೆ.

ಪ್ರಶ್ನೆ: ಹಾಡು ಮುಗಿಯುತ್ತೆ. ಜನ ಚಪ್ಪಾಳೆ ಹೊಡೆಯಬೇಕಾ ಬೇಡವಾ ಅಂತ ಗೊತ್ತಾಗದೆ ಒಂದು ಕೆಟ್ಟ ಮೌನ. ಪ್ರತಿ ಸಲ!

ಉತ್ತರ: ಕೊನೆಯ ಬೀಟಿಗೆ ಗುಂಡಿ ಹಾಕಿಲ್ಲ ನೀವು. ಬ್ರಾಡ್‌ವೇಯವರು ಅದನ್ನು ಬಟನ್ ಅಂತಲೇ ಕರೆಯುತ್ತಾರೆ. ವಾದ್ಯದ ಕೊನೆಯ ಹೊಡೆತ, ಎಲ್ಲರ ಮೈ ನಿಲ್ಲುವುದು, ಬೆಳಕು ಬದಲಾಗುವುದು, ಈ ಮೂರೂ ಒಂದೇ ಕ್ಷಣದಲ್ಲಿ ಆಗಬೇಕು. ಯಾರೋ ಒಬ್ಬ ಅರ್ಧ ಬೀಟ್ ತಡವಾಗಿ ಕೈ ಇಳಿಸಿದ ಅಂದರೆ ಜನರ ಕೈ ಮೇಲೇಳಲ್ಲ. ಆ ಕೊನೆಯ ಎರಡು ಎಂಟನ್ನು ಮಾತ್ರ ಇಪ್ಪತ್ತು ಸಲ ಮಾಡಿಸಿ. ನಿಂತ ಮೇಲೆ ಎದೆ ಏರಿಳಿಯೋದು ಕಂಡರೆ ತೊಂದರೆ ಇಲ್ಲ, ಕಣ್ಣು ಮಾತ್ರ ಅಲ್ಲಾಡಬಾರದು.

ಎಲ್ಲ ಹಾಡಿಗೂ ಚಪ್ಪಾಳೆ ಬೇಕು ಅಂತಲೂ ಇಲ್ಲ. ಸಾವು, ಅಗಲಿಕೆ ಇಂಥ ಕಡೆ ಬೇಕಂತಲೇ ಗುಂಡಿ ಬಿಚ್ಚಿಡಿ. ಹಾಡು ಮುಗಿಯುವ ಮೊದಲೇ ಒಬ್ಬರು ನಡೆಯೋಕೆ ಶುರು ಮಾಡಲಿ, ಮುಂದಿನ ದೃಶ್ಯದ ಬೆಳಕು ಏರುತ್ತಿರಲಿ. ಚಪ್ಪಾಳೆ ಜಾಸ್ತಿ ಹೊತ್ತು ಬಂದರೆ ಮುಂದಿನ ಮಾತು ಮುಳುಗಬಾರದಲ್ಲ, ಅದಕ್ಕೆ ವಾದ್ಯದವರು ಒಂದೆರಡು ಎಂಟಿನ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಾ ಕಾಯುವ ಹಾಗೆ ಮಾತಾಡಿಕೊಂಡಿರಿ. ನಟ ಬಾಯಿ ತೆರೆದ ತಕ್ಷಣ ಅವರು ಮುಂದೆ ಹೋಗುತ್ತಾರೆ.

ಪ್ರಶ್ನೆ: ತಾಲೀಮಿನ ಹಾಲ್‌ನಲ್ಲಿ ಎಲ್ಲಾ ಚೆನ್ನಾಗಿತ್ತು. ರಂಗಮಂದಿರಕ್ಕೆ ಹೋದ ದಿನ ಎಲ್ಲಾ ಕುಸಿದು ಬಿತ್ತು. ಹೀಗೇಕೆ?

ಉತ್ತರ: ಎಲ್ಲರಿಗೂ ಕುಸಿಯುತ್ತೆ. ನಿಮಗೊಂದು ಕಥೆ ಹೇಳುತ್ತೇನೆ.

ಒಂದು ಸಲ ಹನ್ನೆರಡು ಜನ ಕುಣಿಯುತ್ತಾ ಬಲಗಡೆ ವಿಂಗಿಗೆ ಹೋಗಬೇಕು, ಎಂಟು ಬೀಟಿನಲ್ಲಿ ಖಾಲಿಯಾಗಬೇಕು. ಹಾಲ್‌ನಲ್ಲಿ ನೂರು ಸಲ ಮಾಡಿದ್ದೆವು. ರಂಗಮಂದಿರದಲ್ಲಿ ಮೊದಲ ಸಲ ಮಾಡಿದಾಗ ಆರು ಜನ ಒಳಗೆ ಹೋದರು, ಉಳಿದ ಆರು ಜನ ಬಾಗಿಲಲ್ಲಿ ಸಿಕ್ಕಿಕೊಂಡು ನಿಂತರು. ಯಾಕೆ ಅಂದರೆ ಆ ವಿಂಗಿನಲ್ಲಿ ಎರಡನೇ ಅಂಕದ ಮೆಟ್ಟಿಲಿನ ಸೆಟ್ ಇಟ್ಟಿದ್ದರು. ಹಾಲ್‌ನ ನೆಲದ ಮೇಲೆ ನಾನು ರಂಗದ ಅಳತೆಗೆ ಟೇಪ್ ಅಂಟಿಸಿದ್ದೆ, ಸರಿ. ವಿಂಗಿನ ಅಳತೆಗೆ ಅಂಟಿಸಿರಲಿಲ್ಲ! ನನ್ನ ಲೆಕ್ಕದಲ್ಲಿ ರಂಗದಿಂದ ಹೊರಗೆ ಹೋದವರು ಆಕಾಶಕ್ಕೆ ಹೋಗುತ್ತಿದ್ದರು. ಆ ರಾತ್ರಿ ಕೂತು ಆರು ಜನರನ್ನು ಎಡಕ್ಕೆ ಕಳಿಸಿದೆ, ಅವರು ಎಡಕ್ಕೆ ಹೋದದ್ದಕ್ಕೆ ಮುಂದಿನ ಎಂಟ್ರಿ ತಪ್ಪಿತು, ಅದಕ್ಕೆ ಅದರ ಮುಂದಿನದ್ದು ತಪ್ಪಿತು. ಬೆಳಗಿನ ತನಕ ಅದೇ ಆಯಿತು.

ಆದ್ದರಿಂದ ಟೇಪ್ ಹಾಕುವಾಗ ವಿಂಗು, ಮೆಟ್ಟಿಲು, ಸೆಟ್ ಇಡುವ ಜಾಗ ಎಲ್ಲಾ ಹಾಕಿ. ರಂಗದ ಮುಂಚೂಣಿಯಲ್ಲಿ ನಡುವಿಗೆ ಸೊನ್ನೆ, ಎರಡೂ ಕಡೆಗೆ ಸಮ ದೂರದಲ್ಲಿ ಎರಡು, ನಾಲ್ಕು, ಆರು ಅಂತ ಅಂಕಿ ಅಂಟಿಸಿ. ಎಡಕ್ಕೆ ಸ್ವಲ್ಪ ಬಾ ಅನ್ನೋದು ಬಿಟ್ಟು 'ನೀನು ನಾಲ್ಕರಲ್ಲಿ ನಿಲ್ಲು' ಅನ್ನಬಹುದು. ಅದೇ ಅಂಕಿ ಹಾಲ್‌ನಲ್ಲೂ ಇರಲಿ, ರಂಗದಲ್ಲೂ ಇರಲಿ. ಗೋಡೆಗನ್ನಡಿ ಇದ್ದರೆ ಕೊನೆಯ ಎರಡು ವಾರ ಬಟ್ಟೆ ಮುಚ್ಚಿಬಿಡಿ, ಇಲ್ಲದಿದ್ದರೆ ರಂಗದಲ್ಲಿ ಕನ್ನಡಿ ಹುಡುಕಿಕೊಂಡು ಎಲ್ಲರ ಕಣ್ಣು ಅಲೆಯುತ್ತಿರುತ್ತೆ. ಪ್ರದರ್ಶನದ ಶೂ, ಉದ್ದ ಲಂಗ ಇದ್ದರೆ ಅದೇ ಉದ್ದದ ಯಾವುದಾದರೂ ಹಳೇ ಬಟ್ಟೆ, ಇವು ಎರಡನೇ ವಾರದಿಂದಲೇ ಕಾಲಿಗೆ ಬರಲಿ.

ವಾದ್ಯದವರ ಜೊತೆ ಮೊದಲ ಸಲ ಹಾಡುವ ದಿನ ಡಾನ್ಸ್ ಬೇಡ. ಎಲ್ಲರೂ ಕುರ್ಚಿಯಲ್ಲಿ ಕೂತು ಬರೀ ಹಾಡಲಿ. ಜರ್ಮನ್ನರು ಇದಕ್ಕೆ ಸಿಟ್ಸ್‌ಪ್ರೋಬ ಅನ್ನುತ್ತಾರೆ, ಕೂತು ಮಾಡುವ ತಾಲೀಮು ಅಂತ ಅರ್ಥ. ಟೇಪಿನ ಹಾಡಿಗೆ ಒಗ್ಗಿದ ಕಿವಿಗೆ ನಿಜವಾದ ವಾದ್ಯ ಬೇರೆಯೇ ಕೇಳುತ್ತೆ. ಆ ಗಾಬರಿ ಕೂತಿದ್ದಾಗಲೇ ಆಗಿಹೋಗಲಿ. ವೇಗವನ್ನೂ ಅವತ್ತೇ ಮಾತಾಡಿಕೊಳ್ಳಿ. ವಾದ್ಯದವರು ಖುಷಿಯಲ್ಲಿ ನಿಮಿಷಕ್ಕೆ 120 ಇದ್ದದ್ದನ್ನು 132 ಮಾಡಿದರೆ ಕೇಳುವವರಿಗೆ ಅಷ್ಟೇನೂ ಗೊತ್ತಾಗಲ್ಲ, ಕುಣಿಯುವವರ ಮಂಡಿಗೆ ಗೊತ್ತಾಗುತ್ತೆ.

ಪ್ರಶ್ನೆ: ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಮೇಳದ ಒಬ್ಬಳಿಗೆ ಕಾಲು ಉಳುಕಿತು. ಅವಳ ಜಾಗಕ್ಕೆ ಬಂದವಳಿಗೆ ಅವಳು ಎಲ್ಲೆಲ್ಲಿ ನಿಲ್ಲುತ್ತಿದ್ದಳು ಅಂತ ಯಾರಿಗೂ ಹೇಳೋಕೆ ಆಗಲಿಲ್ಲ.

ಉತ್ತರ: ದೊಡ್ಡ ತಂಡಗಳಲ್ಲಿ ಇದಕ್ಕೇ ಅಂತ ಜನ ಇರುತ್ತಾರೆ. ಮೇಳದ ಹಲವರ ಜಾಗ ಕಲಿತು ಯಾವ ಕ್ಷಣಕ್ಕೂ ಒಳಗೆ ಇಳಿಯುವವರನ್ನು ಸ್ವಿಂಗ್ ಅಂತಾರೆ. ನನ್ನ ಕಣ್ಣಿಗೆ ಇಡೀ ತಂಡದಲ್ಲಿ ಅತಿ ಕಷ್ಟದ ಕೆಲಸ ಅವರದ್ದು, ಚಪ್ಪಾಳೆ ಮಾತ್ರ ಅತಿ ಕಡಿಮೆ. ಡಾನ್ಸ್ ಕ್ಯಾಪ್ಟನ್ ಅಂತ ಇನ್ನೊಬ್ಬರು, ಸಂಯೋಜಕರು ಹೋದ ಮೇಲೂ ಡಾನ್ಸ್ ಕೆಡದಂತೆ ಕಾಯುವವರು. ಚಿಕ್ಕ ತಂಡಕ್ಕೆ ಇಬ್ಬರು ಎಲ್ಲಿಂದ ತರೋದು? ಒಬ್ಬರನ್ನು ಮಾಡಿ. ಮೊದಲ ದಿನದಿಂದ ಅವರ ಕೈಗೆ ಒಂದು ನೋಟ್‌ಬುಕ್ ಕೊಡಿ. ಪ್ರತಿ ಹಾಡಿನ ಪ್ರತಿ ಎಂಟಕ್ಕೆ ಒಂದು ಚಿಕ್ಕ ಚೌಕ, ಅದರಲ್ಲಿ ಯಾರು ಯಾವ ಅಂಕಿಯಲ್ಲಿ ನಿಂತಿದ್ದಾರೆ ಅಂತ ಹೆಸರಿನ ಮೊದಲ ಅಕ್ಷರ, ಎಲ್ಲಿಗೆ ಹೋಗುತ್ತಾರೆ ಅಂತ ಒಂದು ಬಾಣ. ವಿಡಿಯೋ ತೆಗೆದಿದ್ದೇವಲ್ಲ ಅಂತೀರಿ. ವಿಡಿಯೋದಲ್ಲಿ ಮುಂದಿನವರು ಹಿಂದಿನವರನ್ನು ಮುಚ್ಚಿಬಿಟ್ಟಿರುತ್ತಾರೆ. ಕಾಲು ಉಳುಕೋದು ಯಾವಾಗಲೂ ಆ ಮುಚ್ಚಿಹೋದವಳದ್ದೇ.

ಪ್ರಶ್ನೆ: ಕೊನೆಗೆ ಎಲ್ಲರೂ ಬಂದು ನಮಸ್ಕಾರ ಮಾಡೋದಕ್ಕೂ ತಾಲೀಮು ಬೇಕಾ? ನಮ್ಮವರು ನಗುತ್ತಾರೆ.

ಉತ್ತರ: ಬೇಕು. ಅರ್ಧ ಗಂಟೆ ತೆಗೆದಿಡಿ, ಗ್ರ್ಯಾಂಡ್ ರಿಹರ್ಸಲ್‌ಗೆ ಬಿಡಬೇಡಿ, ಅವತ್ತು ಸಮಯ ಸಿಗಲ್ಲ. ಯಾರು ಯಾವ ಕಡೆಯಿಂದ, ಎಷ್ಟನೇ ಬೀಟಿಗೆ, ಯಾರ ಕೈ ಹಿಡಿದು ಅಂತ ಎಲ್ಲಾ ಹೇಳಿ. ಮೇಳದವರು ಮೊದಲು, ಆಮೇಲೆ ಚಿಕ್ಕ ಪಾತ್ರಗಳು, ಕೊನೆಗೆ ನಾಯಕಿ ನಾಯಕ. ಬಗ್ಗೋದಕ್ಕೆ ನಡುವಿನಲ್ಲಿರುವವರ ತಲೆಯೇ ಸಂಕೇತ, ಅವರ ತಲೆ ಇಳಿದರೆ ಎಲ್ಲರದ್ದೂ ಇಳಿಯಬೇಕು. ನಾವು ಒಂದು ಸಲ ಇದೆಲ್ಲ ಯಾಕೆ ಅಂತ ಬಿಟ್ಟಿದ್ದೆವು. ಎರಡು ಗಂಟೆ ಒಂದು ಹೆಜ್ಜೆಯೂ ತಪ್ಪದೆ ಕುಣಿದವರು ಕೊನೆಯಲ್ಲಿ ಎರಡೂ ಕಡೆಯಿಂದ ಓಡಿ ಬಂದು ನಟ್ಟನಡುವೆ ಢಿಕ್ಕಿ ಹೊಡೆದರು. ರಾಜನ ಕಿರೀಟ ಉರುಳಿ ವಾದ್ಯದವರ ಹತ್ತಿರ ಬಿತ್ತು. ಡ್ರಮ್ಸ್ ನುಡಿಸುವವರು ಅದನ್ನು ಎತ್ತಿ ತಮ್ಮ ತಲೆಗೆ ಹಾಕಿಕೊಂಡು ಎದ್ದು ನಿಂತು ಕೈಮುಗಿದರು. ಆ ರಾತ್ರಿ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿದ್ದಿದ್ದು ಅವರಿಗೆ.